ಒಂದು ಸೈಕಲ್ಲು, ಇಪ್ಪತ್ತೊಂದು ದಿನ

ನಮ್ಮ ಕಡೆ ಎರಡು ಕುರ್ಚಿ, ಆಚೆ ಕಡೆ ಒಂದು. ನಡುವೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ಕಿನ ಗೋಡೆ. ಬಾಯಿಯ ಎತ್ತರದಲ್ಲಿ ಅದಕ್ಕೆ ಇಡ್ಲಿ ತಟ್ಟೆಯಲ್ಲಿರುವಂಥ ಸಣ್ಣ ತೂತುಗಳು. ಮಾತು ಅವುಗಳ ಮೂಲಕವೇ ಹೋಗಿಬರಬೇಕು. ಆಚೆಯ ಬಾಗಿಲು ತೆರೆಯಿತು. ಬೂದು ಬಣ್ಣದ ಸಡಿಲ ಅಂಗಿ, ಪೈಜಾಮ, ಕಾಲಲ್ಲಿ ಕಂದು ಪ್ಲಾಸ್ಟಿಕ್ ಚಪ್ಪಲಿ ತೊಟ್ಟ, ನಲವತ್ತರ ಆಸುಪಾಸಿನ ಒಬ್ಬರು ಬಂದು ಕುಳಿತರು. ಚಪ್ಪಲಿಯ ಮೇಲೆ ಒಂದು ಸಂಖ್ಯೆ ಬರೆದಿತ್ತು. ಕರೆತಂದ ಪೊಲೀಸನೂ ಅವರನ್ನು ಆ ಸಂಖ್ಯೆಯಿಂದಲೇ ಕರೆದ.

ನಾನು ಹಿಂದಿಯಲ್ಲಿ ಶುರುಮಾಡಿದೆ. ಪಕ್ಕದಲ್ಲಿರುವವರು ವಕೀಲರು, ನಾನು ದುಭಾಷಿ, ನೀವು ಹೇಳುವ ಯಾವ ಮಾತೂ ಈ ಕೋಣೆಯಿಂದ ಆಚೆ ಹೋಗುವುದಿಲ್ಲ ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

“ಅಕ್ಕಾರ, ನೀವು ಕನ್ನಡದವ್ರಲ್ರೀ? ಕನ್ನಡದಾಗ ಮಾತಾಡ್ರಿ. ನಾಕು ದಿನ ಆತು ನಮ್ಮ ಮಾತು ಕಿವಿಗೆ ಬಿದ್ದು.”

ನನ್ನ ಹಿಂದಿಯಲ್ಲಿ ಮೈಸೂರಿನ ವಾಸನೆ ಹೊಡೆದಿರಬೇಕು ಎಂದುಕೊಂಡೆ. ವಕೀಲರ ಸಂಘದಲ್ಲಿ ದುಭಾಷಿಯಾಗಿ ಹೆಸರು ಬರೆಸುವಾಗ ಹಿಂದಿ, ಇಂಗ್ಲಿಷ್ ಜೊತೆಗೆ ಕನ್ನಡ ಅಂತಲೂ ಬರೆದಿದ್ದೆ. ಅಲ್ಲಿದ್ದ ಹೆಂಗಸು, “ಇದು ಹಿಂದಿಯ ಒಂದು ಬಗೆಯೇ?” ಎಂದು ಕೇಳಿದ್ದಳು. ಸಿಟ್ಟು ನುಂಗಿಕೊಂಡು ನಕ್ಕಿದ್ದೆ. ಒಂದೂವರೆ ವರ್ಷದಲ್ಲಿ ಕನ್ನಡಕ್ಕೆ ಕರೆ ಬಂದಿರಲಿಲ್ಲ. ಈಗ ಬಂದದ್ದೂ ಹಿಂದಿಯ ಕರೆಯೇ. ಆದರೆ ತೂತುಗಳಾಚೆಯಿಂದ ಗದಗಿನ ಮಾತು ಬರುತ್ತಿತ್ತು, ನನಗೆ ನಾಚಿಕೆಯಿಲ್ಲದಷ್ಟು ಖುಷಿಯಾಯಿತು.

ಅದು ಎರಡು ಸಾವಿರದ ಇಸವಿ. ವೈಟುಕೆ ಬಂದು ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂದು ಜಗತ್ತೆಲ್ಲ ಹೆದರಿ, ಏನೂ ಆಗದೆ, ಹೆದರಿದವರೇ ಸಪ್ಪಗಾಗಿದ್ದ ವರ್ಷ. ನನ್ನ ಗಂಡ ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು, ನಾವು ಅದರ ಪಕ್ಕದ ಗ್ಯೋಟೋಕುವಿನಲ್ಲಿದ್ದೆವು. ಮಗಳು ಶಾಲೆಗೆ ಹೋದ ಮೇಲೆ ನನಗೆ ಸಿಗುತ್ತಿದ್ದ ಹೊತ್ತಿನಲ್ಲಿ ಈ ಕೆಲಸ.

ಗದಗಿನ ಇವರು ಬಾಣಸಿಗರು. ಮುಂಬಯಿಯ ಹೋಟೆಲುಗಳಲ್ಲಿ ಕೆಲಸ ಕಲಿತು, ಹಿಂದಿನ ವರ್ಷ ಬಾಣಸಿಗರ ವೀಸಾದ ಮೇಲೆ ಟೋಕಿಯೋಗೆ ಬಂದಿದ್ದರು. ಎಡೋಗಾವಾದ ಒಂದು ಸಣ್ಣ ಇಂಡಿಯನ್ ರೆಸ್ಟೋರೆಂಟಿನಲ್ಲಿ ಕೆಲಸ. ಅದರ ಮಾಲೀಕನೇ ಕೊಟ್ಟಿದ್ದ ಕೋಣೆಯಲ್ಲಿ ವಾಸ. ಒಂದು ಬೆಳಿಗ್ಗೆ ಸೈಕಲ್ಲಿನಲ್ಲಿ ಈರುಳ್ಳಿ ಚೀಲ ತರುತ್ತಿದ್ದಾಗ ಪೊಲೀಸರು ನಿಲ್ಲಿಸಿದರು. ಜಪಾನಿನಲ್ಲಿ ಪ್ರತಿ ಸೈಕಲ್ಲಿಗೂ ನೋಂದಣಿ ಸಂಖ್ಯೆಯ ಸ್ಟಿಕ್ಕರ್ ಇರುತ್ತದೆ. ಆ ಸಂಖ್ಯೆಯನ್ನು ಪೊಲೀಸನು ವೈರ್‌ಲೆಸ್ಸಿನಲ್ಲಿ ಓದಿದ. ಮೂರು ವರ್ಷದ ಹಿಂದೆ ಗ್ಯೋಟೋಕು ರೈಲ್ವೆ ಸ್ಟೇಷನ್ನಿನಿಂದ ಕಳುವಾದ ಸೈಕಲ್ಲು ಅದು ಎಂದು ಉತ್ತರ ಬಂತು.

“ಎಲ್ಲಿ ಸಿಕ್ಕಿತು ಎಂದು ಕೇಳಿ,” ಎಂದರು ವಕೀಲರು.

“ಸ್ಟೇಶನ್ ಕಡೆ ಬಿದ್ದಿತ್ರಿ. ಯಾರದೂ ಅಲ್ಲ ಅಂತ ತಗೊಂಡೆ.”

“ಯಾವಾಗ?”

“ಈ ಯುಗಾದಿ ಆದ ಮ್ಯಾಲ.”

ದುಭಾಷಿಗೆ ನಿಯಮಗಳಿವೆ. ‘ಅವರು ಹೀಗೆನ್ನುತ್ತಿದ್ದಾರೆ’ ಎನ್ನಬಾರದು. ಅವರಾಗಿಯೇ, ‘ನಾನು’ ಎಂದೇ ಹೇಳಬೇಕು. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು. ತನ್ನ ಮಾತು ಅನ್ನುವುದೇ ಅಲ್ಲಿ ಇರಬಾರದು. ಹಾಗಾಗಿ ನಾನು ಜಪಾನೀಸಿನಲ್ಲಿ, “ಸ್ಟೇಷನ್ ಬಳಿ ಬಿದ್ದಿತ್ತು, ಯಾರದೂ ಅಲ್ಲವೆಂದು ನಾನು ತೆಗೆದುಕೊಂಡೆ,” ಎಂದೆ. ಆ ಮಾತು ಎಷ್ಟು ನಿಜವಾಗಿ ನನ್ನದೇ ಆಗಿತ್ತು ಎನ್ನುವುದು ಆ ದಿನ ನನಗೆ ಗೊತ್ತಿರಲಿಲ್ಲ.

ವಕೀಲರಿಗೆ ಎಪ್ಪತ್ತರ ಹತ್ತಿರ. ಬಂಧಿತರು ಕೇಳಿಕೊಂಡರೆ ಒಂದು ಸಲ ಪುಕ್ಕಟೆಯಾಗಿ ಬಂದು ನೋಡುವ ಪಾಳಿಯ ವಕೀಲರ ಪದ್ಧತಿ ಅಲ್ಲಿದೆ. ಆ ದಿನ ಪಾಳಿ ಇವರದು. ಒಂದು ಸಲ ಬಂದರೆ ಸಾಕಿತ್ತು, ಕೇಸನ್ನೇ ಹಿಡಿದುಕೊಂಡು ಕೂತರು. ನಾನು ಅವರನ್ನು ಎಲ್ಲರಂತೆ ‘ಸೆನ್ಸೇ’, ಅಂದರೆ ಗುರುಗಳು, ಎನ್ನುತ್ತಿದ್ದೆ. ಹೊರಗೆ ಬಂದ ಮೇಲೆ ಅವರು ಕೈಬೆರಳು ಮಡಿಸಿ ಲೆಕ್ಕ ಹೇಳಿದರು. ಬಂಧಿಸಿದ ಮೇಲೆ ಮೂರು ದಿನದೊಳಗೆ ನ್ಯಾಯಾಧೀಶರ ಮುಂದೆ. ಅಲ್ಲಿಂದ ಹತ್ತು ದಿನ. ಬೇಕಾದರೆ ಮತ್ತೆ ಹತ್ತು. ಅಷ್ಟರೊಳಗೆ ಸರ್ಕಾರಿ ವಕೀಲರು ಮೊಕದ್ದಮೆ ಹೂಡಬೇಕು, ಇಲ್ಲ ಬಿಡಬೇಕು. ಹೂಡಿದರೆ ಇಲ್ಲಿ ಶಿಕ್ಷೆಯಾಗದವರು ಇಲ್ಲವೆನ್ನುವಷ್ಟು ಕಡಿಮೆ. ಶಿಕ್ಷೆಯಾದರೆ ಈ ಮನುಷ್ಯನ ವೀಸಾ ಮುಂದುವರಿಯುವುದಿಲ್ಲ.

“ಅಂದರೆ ನಮಗಿರುವುದು ಆ ಇಪ್ಪತ್ತು ಚಿಲ್ಲರೆ ದಿನಗಳೇ,” ಎಂದರು.

ಎರಡನೆಯ ಭೇಟಿಗೆ ಬೆಳಿಗ್ಗೆಯೇ ಹೋಗಿದ್ದೆವು. ಠಾಣೆಯ ಹಿಂಬದಿಯಲ್ಲಿ ಕಿಟಕಿಗಳಿಗೆ ಜಾಲರಿ ಹಾಕಿದ ಬಸ್ಸು ನಿಂತಿತ್ತು. ಠಾಣೆಯ ಬಾಗಿಲು ತೆರೆದು ಒಬ್ಬರ ಹಿಂದೊಬ್ಬರಂತೆ ಹದಿನೈದಿಪ್ಪತ್ತು ಜನ ಹೊರಬಂದರು. ಎಲ್ಲರ ಕೈಗೂ ಕೋಳ, ಎಲ್ಲ ಕೋಳಗಳನ್ನೂ ಪೋಣಿಸಿದ ಒಂದೇ ನೀಲಿ ಹಗ್ಗ. ಸರ್ಕಾರಿ ವಕೀಲರ ಕಚೇರಿಗೆ ಕರೆದೊಯ್ಯುತ್ತಿದ್ದರು. ನನ್ನನ್ನು ಬೆರಗುಗೊಳಿಸಿದ್ದು ಆ ಮೌನ. ಒಂದು ಕೆಮ್ಮಿಲ್ಲ, ಒಂದು ಬೈಗುಳವಿಲ್ಲ, ಯಾರೂ ಯಾರನ್ನೂ ತಳ್ಳುವುದಿಲ್ಲ. ಮುಂದಿನವರು ಬಸ್ಸಿನ ಮೆಟ್ಟಿಲೇರುವಾಗ ಹಿಂದಿನವರು ಹಗ್ಗ ಬಿಗಿಯದಂತೆ ತಾವಾಗಿ ಅರ್ಧ ಹೆಜ್ಜೆ ಮುಂದೆ ಸರಿಯುತ್ತಿದ್ದರು. ಇಂಥ ಶಿಸ್ತನ್ನು ನಾನು ದೇವಸ್ಥಾನದ ಸಾಲಿನಲ್ಲೂ ಕಂಡಿರಲಿಲ್ಲ. ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿಯೂ ಬಿಟ್ಟೆ, ಮರುಕ್ಷಣ ನನ್ನ ಮೆಚ್ಚುಗೆಗೆ ನನಗೇ ಅಸಹ್ಯವಾಯಿತು.

“ಇವರಲ್ಲಿ ಯಾರ ಕೇಸೂ ನನಗೆ ಗೊತ್ತಿಲ್ಲ,” ಎಂದರು ಸೆನ್ಸೇ. “ಆದರೆ ಈ ಸಾಲು ಗೊತ್ತು. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಹಗಲು ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಲ್ಲಿ ಅನ್ನದ ಉಂಡೆ ಕದ್ದ ಮುದುಕರು ಇರುತ್ತಾರೆ. ಕಾರ್ಖಾನೆ ಕೆಲಸ ಹೋದ ಬ್ರೆಜಿಲಿನವರು. ಚೀನಾದವರು, ಇರಾನಿನವರು. ಕಾವಾಸಾಕಿ ಊರಿನ ಗಲ್ಲಿಯಲ್ಲೇ ಹುಟ್ಟಿ ಮುದುಕರಾದರೂ ಹೆಸರು ಕೊರಿಯಾದ್ದು ಎಂಬ ಕಾರಣಕ್ಕೆ ಹೊರಗಿನವರಾಗೇ ಉಳಿದವರು. ಇತ್ತೀಚೆಗೆ ಸಾಲು ಉದ್ದವಾಗುತ್ತಿದೆ. ಕೋಣೆ ಸಾಲದೆ ಒಂದು ಠಾಣೆಯವರನ್ನು ಇನ್ನೊಂದಕ್ಕೆ ಕಳಿಸುತ್ತಾರೆ.” ಆಮೇಲೆ ತಮ್ಮ ಕೊರಳಪಟ್ಟಿ ಮುಟ್ಟಿಕೊಂಡು ನಕ್ಕರು. “ಬಂಧಿತರು ನೇಣು ಹಾಕಿಕೊಂಡಾರೆಂದು ಒಳಗೆ ಹೋಗುವಾಗ ಟೈ ಬಿಚ್ಚಿಸಿಕೊಳ್ಳುವುದು ಇಲ್ಲಿಯ ನಿಯಮ. ಬಿಚ್ಚಿಸಿಕೊಳ್ಳಬೇಕಾದ ಟೈ ಬಂದದ್ದನ್ನು ನಾನು ಕಂಡದ್ದು ಬಹಳ ಕಡಿಮೆ.”

ಬಾಣಸಿಗರ ಹೇಳಿಕೆಯಲ್ಲಿ ತೊಡಕಿತ್ತು. ಸೈಕಲ್ಲು ಕಳುವಾದದ್ದು ತೊಂಬತ್ತೇಳರಲ್ಲಿ. ಇವರು ಜಪಾನಿಗೆ ಬಂದದ್ದು ತೊಂಬತ್ತೊಂಬತ್ತರಲ್ಲಿ. ನಡುವೆ ಅದು ಎಲ್ಲಿತ್ತು? ಬಿಸಿಲು ಮಳೆಗೆ ಬಿದ್ದ ಸೈಕಲ್ಲಿನಂತೆ ತುಕ್ಕು ಹಿಡಿದಿರಲಿಲ್ಲ. ಯಾರೋ ಬಳಸುತ್ತಿದ್ದರು. ಯಾರಿಂದಲೋ ಬಂದಿದೆ. “ಇವನು ಯಾರನ್ನೋ ಮುಚ್ಚಿಡುತ್ತಿದ್ದಾನೆ. ಪೊಲೀಸರಿಗೂ ಅದೇ ಅನುಮಾನ, ಕಳ್ಳರ ಗುಂಪು ಇದೆ ಎಂದು ಹುಡುಕುತ್ತಿದ್ದಾರೆ. ಹೇಳಿದರೆ ನಾಳೆಯೇ ಹಗುರಾಗುತ್ತದೆ, ಕೇಳಿ,” ಎಂದರು ಸೆನ್ಸೇ. ಕೇಳಿದೆ. ಬಾಣಸಿಗರು ತಲೆ ತಗ್ಗಿಸಿ, “ಯಾರೂ ಇಲ್ರಿ,” ಎಂದರು. ಮತ್ತೆ ಕೇಳಿದರೆ ಮತ್ತೆ ಅದೇ. ಎಂಥ ಹಟಮಾರಿ ಎಂದು ನನಗೂ ರೇಗಿತು. ಹಿಂದಿನ ದಿನವೆಲ್ಲ ಪ್ರಶ್ನೆ ಕೇಳಿಸಿಕೊಂಡ ಆಯಾಸ ಅವರ ಕಣ್ಣುಗಳಲ್ಲಿತ್ತು.

ಏಳನೆಯ ದಿನ ಸೈಕಲ್ಲಿನ ಒಡತಿಗೆ ಕ್ಷಮೆ ಕೇಳಿ ಪತ್ರ ಬರೆಯಲು ಸೆನ್ಸೇ ಹೇಳಿದರು. ಅಲ್ಲಿ ಇದು ಬರಿಯ ಶಿಷ್ಟಾಚಾರವಲ್ಲ. ಕಳೆದುಕೊಂಡವರು ‘ಶಿಕ್ಷೆ ಬೇಡ’ ಎಂದು ಬರೆದುಕೊಟ್ಟರೆ ಸರ್ಕಾರಿ ವಕೀಲರು ಅದನ್ನು ತೂಗಿ ನೋಡುತ್ತಾರೆ. ಬಾಣಸಿಗರು ಬರೆದದ್ದು ಅರ್ಧ ಪುಟ. “ತಾಯಿ, ನಿಮ್ಮ ಸೈಕಲ್ಲಿನ ಮ್ಯಾಲೆ ನಾನು ಉಳ್ಳಾಗಡ್ಡಿ ಹೊತ್ತೇನಿ. ಚೈನಿಗೆ ಎಣ್ಣಿ ಹಾಕೇನಿ. ಮುಂದಿನ ಬ್ರೇಕ್ ಬದಲ ಮಾಡೇನಿ. ನಿಮ್ಮದು ಅಂತ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲಿಲ್ಲ, ಅದು ನನ್ನ ತಪ್ಪು.” ಜಪಾನೀಸಿಗೆ ತರುವಾಗ ಆ ಕೊನೆಯ ಸಾಲಿಗೆ ಒಂದು ಸಂಜೆ ಹಿಡಿಯಿತು. ಎಷ್ಟು ಓದಿಕೊಂಡವರಿಗೆ ಈ ವಿವೇಕ ಇರುತ್ತದೆ ಎಂದು ಅನ್ನಿಸಿತು.

ಆದರೆ ಹದಿಮೂರನೆಯ ದಿನ ಬಂಧನ ಇನ್ನೂ ಹತ್ತು ದಿನ ಮುಂದಕ್ಕೆ ಹೋಯಿತು. ಕಾರಣ ಕೇಳಿ ನನಗೆ ನಗುವೋ ಅಳುವೋ ತಿಳಿಯಲಿಲ್ಲ. ವಿಚಾರಣೆ ಮುಗಿದಿಲ್ಲ ಎನ್ನುವುದು ಒಂದು. ಇನ್ನೊಂದು, ಈ ಮನುಷ್ಯನಿಗೆ ಕೆಲಸವಿಲ್ಲ, ವಿಳಾಸವಿಲ್ಲ, ಹೊಣೆ ನಿಲ್ಲುವವರಿಲ್ಲ, ಬಿಟ್ಟರೆ ಓಡಿಹೋಗುತ್ತಾನೆ. ಸೆನ್ಸೇ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಒಂದು ವೃತ್ತ ಬರೆದು ತೋರಿಸಿದರು. ಒಳಗೆ ಹಾಕಿದ್ದರಿಂದ ಕೆಲಸ ಹೋಯಿತು. ಕೆಲಸ ಹೋದದ್ದರಿಂದ ಮಾಲೀಕ ಕೋಣೆಯನ್ನು ಬೇರೆ ಬಾಣಸಿಗನಿಗೆ ಕೊಟ್ಟ. ಕೋಣೆ ಇಲ್ಲದ್ದರಿಂದ ವಿಳಾಸವಿಲ್ಲ. ವಿಳಾಸವಿಲ್ಲದ್ದರಿಂದ ಒಳಗೇ ಇರಬೇಕು. ಪೆನ್ಸಿಲ್ಲು ಹೊರಟ ಜಾಗಕ್ಕೇ ಬಂದು ನಿಂತಿತು.

“ಇದರಲ್ಲಿ ಯಾರೂ ನಿಯಮ ಮುರಿದಿಲ್ಲ,” ಎಂದರು. “ಅದೇ ಇದರ ಸೊಗಸು.”

ಸೈಕಲ್ಲಿನ ಒಡತಿ ನಮ್ಮನ್ನು ಮನೆಗೆ ಬರಹೇಳಿದ್ದು ಮರುದಿನ. ಕನ್ನಡದ ಮೂಲವನ್ನು ಒಮ್ಮೆ ಅದರ ದನಿಯಲ್ಲೇ ಕೇಳಬೇಕು ಎಂದು ಅವರು ಬಯಸಿದ್ದರಿಂದ ನಾನೂ ಹೋದೆ. ಗ್ಯೋಟೋಕುವಿನಲ್ಲೇ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಎಪ್ಪತ್ತು ದಾಟಿದ, ಒಬ್ಬರೇ ಇದ್ದ ಅಜ್ಜಿ. ಪತ್ರ ಓದಿದೆ. ಮಂಡಿಯೂರಿ ಕುಳಿತು, ಅರ್ಥವಾಗದ ಭಾಷೆಯನ್ನು ಕೊನೆಯವರೆಗೂ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅನುವಾದ ಓದಿದೆ.

“ಚೈನಿನ ವಿಷಯ ನಿಜ,” ಎಂದರು. “ನನ್ನ ಹತ್ತಿರ ಇದ್ದಾಗ ಅದು ಕಿರುಗುಡುತ್ತಿತ್ತು. ಈಗ ಸದ್ದೇ ಇಲ್ಲ. ಬನ್ನಿ.”

ಪೊಲೀಸರು ಸೈಕಲ್ಲನ್ನು ಅವರಿಗೆ ಹಿಂದಿರುಗಿಸಿದ್ದರು. ಅದು ಬಾಗಿಲ ಪಕ್ಕ ನಿಂತಿತ್ತು. ಅಜ್ಜಿ ಒಳಗಿನಿಂದ ನೀಲಿ ಬಟ್ಟೆಯಲ್ಲಿ ಗಂಟು ಕಟ್ಟಿದ ಏನನ್ನೋ ತಂದು ವಕೀಲರ ಮುಂದೆ ಎರಡೂ ಕೈಯಲ್ಲಿ ಹಿಡಿದರು. “ಇದು ಸೈಕಲ್ಲಿಗೆ ಕಟ್ಟಿತ್ತು. ನನ್ನದಲ್ಲ. ತೊಳೆದಿದ್ದೇನೆ. ಸ್ಕ್ರೂಗಳು ಈ ಲಕೋಟೆಯಲ್ಲಿವೆ. ನನ್ನದಲ್ಲದ ವಸ್ತು ನನ್ನ ಮನೆಯಲ್ಲಿದ್ದರೆ ನನಗೆ ನಿದ್ದೆ ಬರುವುದಿಲ್ಲ. ದಯವಿಟ್ಟು ಅವರಿಗೆ ತಲುಪಿಸಿ.”

ಗಂಟು ಬಿಚ್ಚಿದರು. ಮಕ್ಕಳನ್ನು ಕೂರಿಸುವ ಹಿಂದಿನ ಸೀಟು. ತಿಳಿ ಹಸಿರು. ಕೈಹಿಡಿಯ ಮೇಲೆ ಅರ್ಧ ಕಿತ್ತುಹೋದ ಬೆಳ್ಳಿ ನಕ್ಷತ್ರಗಳು ಸಾಲಾಗಿ. ಅವನ್ನು ಅಂಟಿಸಿದವಳು ನನ್ನ ಮಗಳು. ಒಂದನ್ನು ತಲೆಕೆಳಗಾಗಿ ಅಂಟಿಸಿ, ನಕ್ಷತ್ರಕ್ಕೆ ತಲೆಯೇ ಇಲ್ಲ ಎಂದು ನನ್ನೊಡನೆ ವಾದ ಹಾಕಿದ್ದಳು.

ಈ ಸೀಟನ್ನು ಕೊಂಡವಳು ನಾನು. ಕಟ್ಟಿದ್ದ ಸೈಕಲ್ಲು ನಾವು ಕೊಂಡದ್ದಲ್ಲ. ಜಪಾನಿಗೆ ಬರುವ ನಮ್ಮವರಲ್ಲಿ ಒಂದು ರೂಢಿ ಇತ್ತು. ಪ್ರಾಜೆಕ್ಟ್ ಮುಗಿಸಿ ಹೊರಟವನು ಆಫೀಸಿನಲ್ಲಿ ಕೆಲಸ ಒಪ್ಪಿಸುವಂತೆ ಮನೆಯನ್ನೂ ಮುಂದಿನವನಿಗೆ ಒಪ್ಪಿಸುತ್ತಿದ್ದ. ರೈಸ್ ಕುಕ್ಕರ್, ಪರದೆ, ಹೀಟರ್, ಒಗ್ಗರಣೆ ಡಬ್ಬಿ, ಸೈಕಲ್ಲು. ಅದಕ್ಕೊಂದು ಪಟ್ಟಿಯೂ ಇರುತ್ತಿತ್ತು. ನಮಗೆ ಕೊಟ್ಟವನಿಗೆ ಇನ್ಯಾರೋ ಕೊಟ್ಟಿದ್ದರು. ಮೊದಲನೆಯವನು ಎಲ್ಲಿಂದ ತಂದನೋ ಯಾರೂ ಕೇಳಿರಲಿಲ್ಲ. ಸ್ಟಿಕ್ಕರಿನ ಸಂಖ್ಯೆಗೆ ಒಬ್ಬ ಒಡೆಯ ಇರುತ್ತಾನೆ, ಹೆಸರು ಬದಲಾಯಿಸಿಕೊಳ್ಳಬೇಕು ಎಂದು ಅಷ್ಟೆಲ್ಲ ಓದಿದ ಎಂಜಿನಿಯರುಗಳಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಗಳು ದೊಡ್ಡವಳಾದ ಮೇಲೆ ನಾವು ಹೊಸ ಸೈಕಲ್ಲು ಕೊಂಡೆವು. ಹಳೆಯದನ್ನು ನನ್ನ ಗಂಡ ಯಾರಿಗೋ ‘ರೆಸ್ಟೋರೆಂಟಿನ ಭಟ್ಟರಿಗೆ’ ಕೊಟ್ಟುಬಿಟ್ಟೆ ಎಂದಿದ್ದರು. ಒಳ್ಳೆಯದಾಯಿತು, ಬಾಲ್ಕನಿ ಖಾಲಿಯಾಯಿತು ಎಂದಿದ್ದೆ ನಾನು.

ಅಜ್ಜಿಯ ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಹೇಡಿತನವೋ, ದುಭಾಷಿಗೆ ತನ್ನ ಮಾತಿಲ್ಲ ಎಂಬ ನಿಯಮವೋ, ಈಗಲೂ ಗೊತ್ತಿಲ್ಲ. ಅವರು ‘ಶಿಕ್ಷೆ ಬಯಸುವುದಿಲ್ಲ’ ಎಂಬ ಕಾಗದಕ್ಕೆ ಸಹಿಯ ಬದಲು ತಮ್ಮ ಹೆಸರಿನ ಮುದ್ರೆ ಒತ್ತಿ, ಪರಿಹಾರ ಏನೂ ಬೇಡವೆಂದು ಕಳಿಸಿದರು. ಗಂಟನ್ನು ಹೊತ್ತು ಸ್ಟೇಷನ್ನಿಗೆ ಬಂದೆ. ಪ್ಲಾಟ್‌ಫಾರ್ಮಿನಲ್ಲಿ ಸೆನ್ಸೇಗೆ ಎಲ್ಲ ಹೇಳಿದೆ. ಅವರು ಎರಡು ರೈಲು ಹೋಗಲು ಬಿಟ್ಟರು.

“ನಾನು ಅವನ ವಕೀಲ, ನಿಮ್ಮ ವಕೀಲನಲ್ಲ. ಆದ್ದರಿಂದ ನನ್ನ ಸಲಹೆ ಕೇಳಬೇಡಿ,” ಎಂದರು. “ನಿಮ್ಮ ಯಜಮಾನರು ಬಂದು ಹೇಳಲೇಬೇಕೆಂದು ಕಾನೂನಿಲ್ಲ. ಹೇಳಿದರೆ ಅವರನ್ನೂ ಪ್ರಶ್ನಿಸುತ್ತಾರೆ. ಕಂಪನಿಗೆ ತಿಳಿಯುತ್ತದೆ. ಹೇಳದಿದ್ದರೆ, ಅಜ್ಜಿಯ ಕಾಗದ ಇದೆ. ಅದು ಸಾಕಾಗಬಹುದು, ಆಗದಿರಬಹುದು. ಏನೇ ಆಗಲಿ, ನೀವು ಇನ್ನು ದುಭಾಷಿಯಲ್ಲ.”

ಶನಿವಾರ ಬೆಳಿಗ್ಗೆ ಗಂಡ ಕಾಫಿ ಹಿಡಿದು ಕೂತಾಗ ಆ ಸೀಟನ್ನು ಮೇಜಿನ ಮೇಲಿಟ್ಟೆ. ಕೇಳಿ ಮುಗಿದ ಕೂಡಲೇ ಅವರು ಮಾಡಿದ ಮೊದಲ ಕೆಲಸ, ಕೆಳಗಿಳಿದು ಹೋಗಿ ನಮ್ಮ ಹೊಸ ಸೈಕಲ್ಲಿನ ಸ್ಟಿಕ್ಕರ್ ನೋಡಿ ಬಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

“ನಾವು ಕದ್ದಿಲ್ವಲ್ಲ!” ಎಂದರು.

“ಅವರೂ ಕದ್ದಿಲ್ಲ.”

“ಕಂಪನಿಗೆ ಗೊತ್ತಾದ್ರೆ ನೆಕ್ಸ್ಟ್ ಫ್ಲೈಟ್‌ಗೆ ವಾಪಸ್. ಪ್ರಾಜೆಕ್ಟ್ ಯಾವ ಸ್ಟೇಜಲ್ಲಿದೆ ಗೊತ್ತಾ ನಿಂಗೆ? ಮಗು ಸ್ಕೂಲು? ಹೆಸರು ಹಾಕ್ದೆ ಒಂದು ಲೆಟರ್ ಬರೆದು ಕಳಿಸೋಣ.”

“ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು ಅಲ್ವಾ? ಹೆಸರಿಲ್ಲದ ಲೆಟರ್‌ಗೆ ಯಾರು ಮರ್ಯಾದೆ ಕೊಡ್ತಾರೆ?”

“ಅವರೇ ನನ್ನ ಹೆಸರು ಹೇಳಿಲ್ವಲ್ಲೇ. ನಾವಾಗಿ ಹೋಗಿ ಯಾಕೆ...”

“ಹೇಳಿಲ್ಲ ರೀ. ಅದಕ್ಕೇ.”

ನನ್ನ ಗಂಡ ಕೆಟ್ಟವರಲ್ಲ, ಧೈರ್ಯಶಾಲಿಯೂ ಅಲ್ಲ, ಹೆಚ್ಚಿನವರ ಹಾಗೆ. ಕಾಫಿ ಆರಿಹೋದ ಮೇಲೆ, “ಅವತ್ತು ಬೇಡ ಬೇಡ ಅಂದ್ರು ಕಣೇ. ನಾನೇ ಬಲವಂತ ಮಾಡಿ ಕೊಟ್ಟೆ,” ಎಂದರು. ಕಂಪನಿಯ ಆಡಳಿತ ವಿಭಾಗದ ಅಧಿಕಾರಿಗೆ ಫೋನ್ ಮಾಡಲು ಎದ್ದರು. ಮದುವೆಯಾದ ಒಂಬತ್ತು ವರ್ಷದಲ್ಲಿ ಅವರ ಮೇಲೆ ಅಷ್ಟು ಪ್ರೀತಿ ನನಗೆ ಬಂದಿರಲಿಲ್ಲ.

ಬೇರೆ ದುಭಾಷಿ ಸಿಗಲು ಎರಡು ದಿನ ಬೇಕಿತ್ತು. ಅಷ್ಟರೊಳಗೆ ಬಾಣಸಿಗರ ಒಪ್ಪಿಗೆ ಬೇಕು. ಅವರ ಹೇಳಿಕೆಯೂ ಬದಲಾಗಬೇಕಲ್ಲ. ವಕೀಲರಿಲ್ಲದೆ ಸಾಮಾನ್ಯರಂತೆ ಭೇಟಿಗೆ ಹೋದರೆ ಪೊಲೀಸರಿಗೆ ತಿಳಿಯುವ ಜಪಾನೀಸಿನಲ್ಲೇ ಮಾತಾಡಬೇಕು, ಬಾಣಸಿಗರಿಗೆ ಬರುವುದು ಕ್ಷಮೆ ಕೇಳುವ ‘ಸುಮಿಮಾಸೆನ್’ ಮತ್ತು ತರಕಾರಿ ಹೆಸರುಗಳು. ಹಾಗಾಗಿ ಸೆನ್ಸೇ, “ಕೊನೆಯ ಒಂದು ಸಲ. ಮಾತು ನನ್ನದು. ನೀವು ಬರಿಯ ಕೊಳವೆ,” ಎಂದು ಕರೆದೊಯ್ದರು. ಅದು ಹದಿನೇಳನೆಯ ದಿನ.

ಸೆನ್ಸೇ ಜಪಾನೀಸಿನಲ್ಲಿ ನಿಧಾನವಾಗಿ ಹೇಳಿದರು. ನಾನು ಕನ್ನಡದಲ್ಲಿ, ಅವರ ಕಣ್ಣನ್ನೇ ನೋಡುತ್ತ, ನಿಯಮದಂತೆ ಹೇಳಿದೆ. “ಈ ಸೈಕಲ್ಲನ್ನು ನಿಮಗೆ ಕೊಟ್ಟವರು, ಈಗ ನಿಮ್ಮೊಡನೆ ಮಾತಾಡುತ್ತಿರುವ ದುಭಾಷಿಯ ಗಂಡ. ಹೌದೇ?”

ಬಾಣಸಿಗರು ಒಮ್ಮೆ ವಕೀಲರನ್ನೂ ಒಮ್ಮೆ ನನ್ನನ್ನೂ ನೋಡಿದರು. ಸಿಕ್ಕಿಬಿದ್ದವರಂತೆ ನಾಚಿ ನಕ್ಕರು.

“ಗೊತ್ತಾತೇನ್ರಿ ಅಕ್ಕಾರಿಗೆ?”

ಕೊಳವೆ ಉತ್ತರಿಸಬಾರದು. ಅವರು ಮುಂದುವರಿಸಿದರು: “ನಿಮ್ಮನ್ನ ಕನ್ನಡ ಮಂದಿ ಯುಗಾದಿ ಊಟದಾಗ ನೋಡಿದ್ನಿ. ಹೋಳಿಗಿ ಮಾಡಾಕ ನನ್ನ ಕರೆಸಿದ್ರಲ್ಲ, ಅವತ್ತ. ಇಲ್ಲಿ ಮೊದಲನೇ ದಿನ ಬಾಗಲಾ ತಗದಾಗನ ಗುರತಾ ಹಿಡದ್ನಿ. ಸಾಹೇಬ್ರ ಹೆಸರ ಹೇಳಬ್ಯಾಡ್ರಿ. ಅವರ್ನೂ ಇಲ್ಲಿ ತಂದ ಹಾಕ್ತಾರ. ಮನ್ಯಾಗ ಸಣ್ಣ ಕೂಸ ಐತಿ. ನಾ ಒಬ್ಬಾವ, ಹೆಂಗರ ತಡಕೋತೀನಿ.”

ಈ ಮಾತುಗಳನ್ನು ನಾನು ಜಪಾನೀಸಿನಲ್ಲಿ ‘ನಾನು’ ಎಂದೇ ಹೇಳಬೇಕಿತ್ತು. ನಾನು ನಿಮ್ಮನ್ನು ಮೊದಲ ದಿನವೇ ಗುರುತಿಸಿದೆ. ಅವರ ಹೆಸರು ಹೇಳಬೇಡಿ. ನಾನು ಒಬ್ಬನೇ, ಹೇಗೋ ತಡೆದುಕೊಳ್ಳುತ್ತೇನೆ. ಒಂದೊಂದೇ ಪದವಾಗಿ ಹೇಳಿದೆ, ಒಂದನ್ನೂ ಬಿಡಲಿಲ್ಲ. ಕೊನೆಯ ಸಾಲನ್ನು ಎರಡು ಸಲ ಹೇಳಬೇಕಾಯಿತು. ಹದಿಮೂರು ದಿನ ಇವರು ನನ್ನ ಎದುರಿಗೆ ಕೂತು, ತಮ್ಮನ್ನು ಬಿಡಿಸಬಲ್ಲ ಒಂದು ಮಾತನ್ನು ನನ್ನ ಮುಖ ನೋಡುತ್ತಲೇ ನುಂಗಿಕೊಂಡಿದ್ದರು. ನಾನು ಅವರನ್ನು ಹಟಮಾರಿ ಎಂದುಕೊಂಡಿದ್ದೆ. ಮನುಷ್ಯರ ಬಗ್ಗೆ ನನಗೆ ಏನಾದರೂ ಗೊತ್ತಿದೆ ಎಂಬ ಜಂಬ ಅವತ್ತು ಮುರಿಯಿತು.

ಸೆನ್ಸೇ ಕನ್ನಡಕ ತೆಗೆದು ಒರೆಸಿಕೊಂಡರು. “ಅವರು ಹೇಗೂ ಬರುತ್ತಿದ್ದಾರೆ, ಅದು ಅವರ ನಿರ್ಧಾರ. ಇನ್ನು ನಿಜ ಹೇಳಿ ಎಂದು ತಿಳಿಸಿ,” ಎಂದರು. ತಿಳಿಸಿದೆ. ನನ್ನ ದುಭಾಷಿ ಕೆಲಸ ಅಲ್ಲಿಗೆ ಮುಗಿಯಿತು.

ಮರುಮಧ್ಯಾಹ್ನ ನನ್ನ ಗಂಡ ಇದ್ದುದರಲ್ಲಿ ಒಳ್ಳೆಯ ಸೂಟು ತೊಟ್ಟು ಠಾಣೆಗೆ ಹೋದರು. ಪಕ್ಕದಲ್ಲಿ ಕಂಪನಿಯ ಆಡಳಿತ ವಿಭಾಗದ ಅಧಿಕಾರಿ. ಬೆಳ್ಳಗಾದ ಕೂದಲು, ಕಪ್ಪು ಸೂಟು, ಎರಡೂ ಕೈಯಲ್ಲಿ ಹಿಡಿದ ವಿಸಿಟಿಂಗ್ ಕಾರ್ಡು. ನಾನು ಕೆಳಗಿನ ಬೆಂಚಿನಲ್ಲಿ ಕಾದೆ. ಗಂಡನ ಬಟ್ಟೆಗಳ ಒಂದು ಚೀಲವನ್ನು ತುಂಬಿಕೊಂಡು ಹೋಗಿದ್ದೆ, ಒಳಗಿಟ್ಟುಕೊಂಡರೆ ಬೇಕಾಗುತ್ತದೆ ಎಂದು. ಹಗ್ಗದ ಸಾಲನ್ನು ಕಣ್ಣಾರೆ ಕಂಡವಳು ನಾನು.

ಅದು ಬೇಕಾಗಲಿಲ್ಲ. ಅವರನ್ನು ಮಾತಾಡಿಸಿದ್ದು ಎರಡನೆಯ ಮಹಡಿಯ ಸೋಫಾ ಇರುವ ಕೋಣೆಯಲ್ಲಿ. ಚಹಾ ಬಂತಂತೆ. ಕಂಪನಿಯ ಅಧಿಕಾರಿ ಎದ್ದುನಿಂತು ಸೊಂಟ ಬಗ್ಗಿಸಿ, ತಮ್ಮ ಉದ್ಯೋಗಿಗೆ ಇಲ್ಲಿನ ಪದ್ಧತಿ ತಿಳಿಸಿಕೊಡದಿದ್ದದ್ದು ಕಂಪನಿಯ ತಪ್ಪು ಎಂದರಂತೆ. ನನ್ನ ಗಂಡ ಸೈಕಲ್ಲು ಯಾರಿಂದ ಬಂತು, ಯಾರಿಗೆ ಕೊಟ್ಟೆ ಎಂದು ಹೇಳಿ, ತಪ್ಪೊಪ್ಪಿಗೆಯ ಒಂದು ಪುಟ ಬರೆದರು. ಬಾಣಸಿಗರಿಗೆ ತಾವು ಹೊಣೆ ನಿಲ್ಲುವುದಾಗಿಯೂ, ಅವರು ನಮ್ಮ ಮನೆಯಲ್ಲೇ ಇರುವುದಾಗಿಯೂ ಇನ್ನೊಂದು ಪುಟ. ಇಳಿದು ಬರುವಾಗ ಪೊಲೀಸ್ ಅಧಿಕಾರಿ ಬಾಗಿಲವರೆಗೂ ಬಂದು ತಲೆಬಾಗಿದರು. ನಾನು ಗಡಿಯಾರ ನೋಡಿದೆ. ನಲವತ್ತು ನಿಮಿಷ. ಬಾಣಸಿಗರು ಇದ್ದದ್ದು ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ, ಆ ಸೋಫಾದ ನೆತ್ತಿಯ ಮೇಲೆ. ಅವರಿಗೆ ಅದು ಹದಿನೆಂಟನೆಯ ದಿನ. ಸೈಕಲ್ಲು ಒಂದೇ. ಅವರಿಗಿಂತ ಹೆಚ್ಚು ಕಾಲ ಅದನ್ನು ಓಡಿಸಿದವರು ನಾವು.

“ತುಂಬಾ ಡೀಸೆಂಟ್ ಜನ,” ಎಂದರು ಗಂಡ, ಬೆವರೊರೆಸಿಕೊಳ್ಳುತ್ತ. ತಂದಿದ್ದ ಬಟ್ಟೆಯ ಚೀಲವನ್ನು ನಾನು ಹೆಗಲಿಗೇರಿಸಿಕೊಂಡೆ.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಸೆನ್ಸೇ ಫೋನ್ ಮಾಡಿದರು. ಮೊಕದ್ದಮೆ ಹೂಡುವುದಿಲ್ಲ, ಇವತ್ತೇ ಬಿಡುತ್ತಾರೆ. ಮೊಸರನ್ನ ಕಲಸಿಕೊಂಡು ಓಡಿದೆ. ಗಂಡ ಆಫೀಸಿನಲ್ಲಿದ್ದರು. ಬಾಣಸಿಗರು ತಮ್ಮ ಸ್ವಂತ ಬಟ್ಟೆಯಲ್ಲಿ ಹೊರಬಂದರು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ತೆಗೆದಿಟ್ಟಿದ್ದ ವಸ್ತುಗಳನ್ನೆಲ್ಲ ಪಟ್ಟಿ ಓದಿ ಒಂದೊಂದಾಗಿ ಹಿಂದಿರುಗಿಸಿದ್ದರು. ಬೆಲ್ಟು, ಬಾಚಣಿಗೆ, ಶೂ ಲೇಸು. ಮೆಟ್ಟಿಲ ಮೇಲೆ ಕೂತು ಲೇಸನ್ನು ತೂತಿಗೆ ಪೋಣಿಸತೊಡಗಿದರು. ಬೆರಳುಗಳಿಗೆ ಅಭ್ಯಾಸ ತಪ್ಪಿತ್ತು.

ನಾನು ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರೇ ಮೊದಲು ಮಾತಾಡಿದರು. ತಲೆ ಎತ್ತದೆ, ದನಿ ತಗ್ಗಿಸಿ ಕೇಳಿದರು.

“ಸಾಹೇಬ್ರನ್ನ ಎಷ್ಟ ದಿನಾ ಇಟ್ಟಿದ್ರು ಅಕ್ಕಾರ?”

ಸುಳ್ಳು ಹೇಳಬಹುದಿತ್ತು. ಮೂರು ದಿನ ಎಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಒಂದು ದಿನವೂ ಇಲ್ಲ. ನಲವತ್ತು ನಿಮಿಷ,” ಎಂದೆ.

ಅವರು ಲೇಸು ಬಿಟ್ಟು ನನ್ನನ್ನು ನೋಡಿದರು. “ಖರೇನ?”

“ಖರೆ. ಕೂರಿಸಿ ಚಹಾ ಕೊಟ್ಟರು.”

ಅವರ ಮುಖದಲ್ಲಿ ಕಹಿಗಾಗಿ ಹುಡುಕಿದೆ. ಅದು ನನಗೆ ಸಿಗಬೇಕಾದದ್ದು, ಸಿಕ್ಕರೆ ತೆಗೆದುಕೊಳ್ಳಲು ತಯಾರಾಗಿದ್ದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ದೀರ್ಘವಾಗಿ ಉಸಿರು ಬಿಟ್ಟರು.

“ಸದ್ಯ. ನಾಕು ರಾತ್ರಿ ನಿದ್ದಿ ಇಲ್ರೀ ನನಗ, ಬಾಜೂ ಖೋಲ್ಯಾಗ ಯಾರರ ಕೆಮ್ಮಿದ್ರ ಸಾಹೇಬ್ರ ಏನೋ ಅಂತ ಎದ್ದು ಕೂಡ್ತಿದ್ನಿ.”